ತೀರ್ಥದ ಬಿಸಿನೀರೂ ಮೊಣಗಂಟಿನ ನೋವೂ

ಪುತ್ತೂರು: ಬಸ್ಸು ಬಂತು. ಮೆಟ್ಟಿಲು ಎತ್ತರ. ಒಂದು ಕೈಯಲ್ಲಿ ಬೀಡಿಯ ಚೀಲ, ಇನ್ನೊಂದು ಕೈಯಲ್ಲಿ ಬಾಗಿಲಿನ ಸರಳು. ಬಲಗಾಲು ಮೇಲಿಟ್ಟಾಯಿತು, ಎಡಗಾಲು ಬರಲೊಲ್ಲದು. "ಬೇಗ ಹತ್ತಿ ಅಮ್ಮಾ" ಎಂದು ಕಂಡಕ್ಟರು. "ಹತ್ತುದು ಹೇಗೆ ಮಾರಾಯ, ಗಂಟು ಬಗ್ಗುದೇ ಇಲ್ಲ" ಎಂದು ಆಕೆ. ಹಿಂದಿದ್ದವರು ಕೈ ಕೊಟ್ಟರು, ಬಸ್ಸು ಹೊರಟಿತು. ಪುತ್ತೂರು, ಬಂಟ್ವಾಳ, ಬೆಳ್ತಂಗಡಿ ಕಡೆ ಬಸ್ಸಿಗೆ ಕಾಯುವವರಿಗೆ ಇದೇನೂ ಹೊಸ ನೋಟವಲ್ಲ.

ತಡ್ಪೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನಿಂದ ಸಂಜೆವರೆಗೆ ನೆಲದಲ್ಲಿ ಕೂತು ಬೀಡಿ ಕಟ್ಟಿದವರು, ತೋಟದಲ್ಲಿ ಕುಕ್ಕರಗಾಲಲ್ಲಿ ಅಡಿಕೆ ಹೆಕ್ಕಿದವರು, ಐವತ್ತು ದಾಟುವಾಗ ಏಳುವುದಕ್ಕೆ ಗೋಡೆ ಹುಡುಕುತ್ತಾರೆ. ಡಾಕ್ಟರು ಎಕ್ಸ್‌ರೇ ನೋಡಿ "ಗಂಟು ಸವೆದಿದೆ" ಎಂದುಬಿಡುತ್ತಾರೆ. ಸವೆದದ್ದು ಇನ್ನು ಬರುವುದುಂಟೇ ಎಂದು ಕೈಚೆಲ್ಲಿ ಕೂತರೆ ಅಲ್ಲಿಗೆ ಎಡವಟ್ಟು ಶುರು. ನಡೆಯದ ಕಾಲಿನ ತೊಡೆ ಸಣಕಲಾಗುತ್ತದೆ. ಗಂಟನ್ನು ಹಿಡಿದು ನಿಲ್ಲಿಸುವುದೇ ಆ ತೊಡೆಯ ಸ್ನಾಯು. ಅದು ಸೋತರೆ ಭಾರವೆಲ್ಲ ಗಂಟಿನ ಮೇಲೆ. ನೋವೆಂದು ಕೂರುವುದು, ಕೂತಷ್ಟೂ ನೋವು.

ಮದ್ದಿಗೇನು ಬರಗಾಲವಿಲ್ಲ. ಮುರಿವೆಣ್ಣೆ, ಧಾನ್ವಂತರ ತೈಲ, ಹಂಡೆಯ ಬಿಸಿನೀರು. ಅದೂ ಸಾಲದಾದರೆ ಇರ್ದೆಯ ಬೆಂದ್ರ್‌ತೀರ್ಥದ ನೆನಪು. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಹೊಳೆಯ ಬದಿಯಲ್ಲಿ ನೆಲದಡಿಯಿಂದ ಬೆಚ್ಚಗಿನ ನೀರು ಬರುವ ಜಾಗವೆಂದು ಹೆಸರಾದದ್ದು. ಅಲ್ಲಿ ಮಿಂದರೆ ಚರ್ಮರೋಗವೂ ಗಂಟುನೋವೂ ಹೋಗುತ್ತದೆ ಎಂಬ ನಂಬಿಕೆ ಹಿರಿಯರಿಂದ ಬಂದದ್ದು.

ನಂಬಿಕೆಯೆಂದು ನಕ್ಕು ಬಿಡುವ ಹಾಗೂ ಇಲ್ಲ. ಫ್ರಾನ್ಸಿನವರು ಇಂಥದ್ದನ್ನೇ ಲೆಕ್ಕ ಹಾಕಿ ನೋಡಿದ್ದಾರೆ. ಏ-ಲೆ-ಬ್ಯಾಂ, ಬಲಾರುಕ್, ಡಾಕ್ಸ್ ಎಂಬ ಮೂರು ಬಿಸಿನೀರಿನ ಊರುಗಳಲ್ಲಿ ಮೊಣಗಂಟು ಸವೆದ 462 ಮಂದಿಯನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಮನೆಯಲ್ಲಿ ಮಾಡುವ ವ್ಯಾಯಾಮ ಕಲಿಸಿದರು. ಒಂದು ಗುಂಪಿಗೆ ಮಾತ್ರ ಮೂರು ವಾರದಲ್ಲಿ 18 ದಿನ ಬಿಸಿನೀರಿನ ಕೊಳ, ಧಾರೆ, ಮಣ್ಣಿನ ಲೇಪ, ಮಾಲೀಶು. ಆರು ತಿಂಗಳ ಮೇಲೆ ನೋಡಿದರೆ ಬಿಸಿನೀರಿನವರಲ್ಲಿ ನೂರಕ್ಕೆ 51 ಮಂದಿಗೆ ಹೇಳಿಕೊಳ್ಳುವಂಥ ಗುಣ. ಬರೀ ವ್ಯಾಯಾಮದವರಲ್ಲಿ 36. ಇದು ವೈದ್ಯ ಪತ್ರಿಕೆಯಲ್ಲಿ ಅಚ್ಚಾದದ್ದು 2010ರಲ್ಲಿ.

ಹಾಗಂತ ನಾಳೆಯೇ ತೀರ್ಥಕ್ಕೆ ಜೀಪು ಮಾಡಿಸಬೇಡಿ! ಯಾರು ಬಿಸಿನೀರಿಗೆ ಹೋದವರು ಎಂಬುದು ಆ ರೋಗಿಗಳಿಗೇ ಗೊತ್ತಿತ್ತಲ್ಲ, ಮನಸ್ಸಿನ ಸಮಾಧಾನವೂ ಸ್ವಲ್ಪ ಕೆಲಸ ಮಾಡಿರಬಹುದು. ಅಲ್ಲಿಯದು ಡಾಕ್ಟರರ ಕಣ್ಣೆದುರು ನಡೆದ ದಿನವಹಿ ಉಪಚಾರ. ಒಂದು ಆದಿತ್ಯವಾರ ಮುಳುಗಿ ಎದ್ದು ಬರುವುದಕ್ಕೆ ಅದೇ ಫಲ ಹೇಳಲಾಗದು. ಸವೆದ ಮೃದು ಎಲುಬು ಯಾವ ನೀರಿನಿಂದಲೂ ಬೆಳೆಯುವುದಿಲ್ಲ. ಬಿಸಿಗೆ ಬಿಗಿದ ಸ್ನಾಯು ಸಡಿಲವಾಗುತ್ತದೆ, ಸೊಂಟದವರೆಗಿನ ನೀರಿನಲ್ಲಿ ಮೈಭಾರ ಅರ್ಧದಷ್ಟು ಇಳಿಯುತ್ತದೆ, ಆಗ ಕಾಲಾಡಿಸುವುದು ಸುಲಭ. ಗುಟ್ಟು ಇಷ್ಟೇ. ಗಂಟು ಕೆಂಪಾಗಿ ಊದಿಕೊಂಡಿದ್ದರೆ, ಜ್ವರವಿದ್ದರೆ, ಹೃದಯದ ತೊಂದರೆ ಇದ್ದರೆ ಡಾಕ್ಟರರನ್ನು ಕೇಳದೆ ಬಿಸಿನೀರಿಗೆ ಇಳಿಯಬಾರದು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ.

ಇನ್ನೊಂದು ಮಾತು. ನೀರಿಗಿಳಿಯದ ಆ 36 ಮಂದಿ ಗುಣ ಕಂಡದ್ದು ಮನೆಯಲ್ಲೇ ಕೂತು ತಾನೆ? ಅದಕ್ಕೆ ಕಾಸು ಖರ್ಚಿಲ್ಲ. ಮೊಣಗಂಟಿನಡಿ ಬೈರಾಸು ಸುತ್ತಿಟ್ಟು ಕೆಳಕ್ಕೆ ಒತ್ತಿ ಐದು ಎಣಿಸುವುದು. ಮಲಗಿ ಕಾಲನ್ನು ನೆಟ್ಟಗೆ ಒಂದು ಗೇಣು ಎತ್ತಿ ಹಿಡಿಯುವುದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಮೊದಮೊದಲು ಸ್ವಲ್ಪ ನೋವು ಇದ್ದದ್ದೇ. ಮರುದಿನವೂ ಉಳಿದರೆ ಎಣಿಕೆ ಕಮ್ಮಿ ಮಾಡಬೇಕು, ಬಿಡಬಾರದು. ವಾರದೊಳಗೆ ಫಲ ಕೇಳಬಾರದು, ಒಂದೆರಡು ತಿಂಗಳು ಬೇಕು. ಮೈ ದಪ್ಪ ಇದ್ದವರು ಒಂದು ಕಿಲೋ ಇಳಿಸಿದರೆ ಒಂದೊಂದು ಹೆಜ್ಜೆಗೂ ಗಂಟಿನ ಮೇಲೆ ನಾಲ್ಕು ಕಿಲೋ ಭಾರ ಕಮ್ಮಿ ಎಂಬ ಲೆಕ್ಕವೂ ಉಂಟು.

ತೊಡಕು ಬೇರೆಯೇ. ಈ ವ್ಯಾಯಾಮವನ್ನು ಕೈಹಿಡಿದು ಕಲಿಸುವವರು ಯಾರು? ಮಂಗಳೂರಿನಲ್ಲಿ ಫಿಸಿಯೋಥೆರಪಿ ಕಾಲೇಜುಗಳಿಗೆ ಕೊರತೆಯಿಲ್ಲ. ಹಳ್ಳಿಯ ಹೆಂಗಸಿಗೆ ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ದಿನದ ಬೀಡಿ ಹೋಯಿತು, ಮೇಲೆ ಬಸ್ಸಿನ ಚಾರ್ಜು, ಅದೇ ಎತ್ತರದ ಮೆಟ್ಟಿಲು. ನೋವಿನ ಮಾತ್ರೆಯಾದರೆ ಪೇಟೆಯ ಅಂಗಡಿಯಲ್ಲೇ ಸಿಗುತ್ತದೆ. ಅದನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯೂ ಮೂತ್ರಪಿಂಡವೂ ಕೆಡಬಹುದು ಎಂದು ಅಂಗಡಿಯವ ಹೇಳುತ್ತಾನೆಯೇ?

ಬಸ್ಸು ಹತ್ತಿದ ಆಕೆಗೆ ಅಂತೂ ಯಾರೋ ವ್ಯಾಯಾಮ ತೋರಿಸಿಕೊಟ್ಟಿದ್ದಾರೆ. "ಮಾಡ್ತೇನೆ ಮಾರಾಯ್ರೆ, ಆದ್ರೆ ಮನೇಲಿ ಕುರ್ಚಿ ಒಂದೇ ಇರುದು, ಅದ್ರಲ್ಲಿ ಯಾವಾಗ್ಲೂ ಯಜಮಾನರು" ಎಂದು ಪಕ್ಕದವರಿಗೆ ಹೇಳಿ ನಕ್ಕರು. ಈಗ ಜಗಲಿಯ ಕಟ್ಟೆಯಲ್ಲೇ ಕೂತು ಏಳುತ್ತಾರಂತೆ. ಒಂದು ಕಟ್ಟು ಬೀಡಿ ಮುಗಿದಾಗ ಐದು ಸಲ.