ಕ್ಯಾಬಿನ್ ಮೇಲೆ ಅಟ್ಟ ಬೇಕೆ, ಬೇಡವೆ?

ಮುದನಾಳದ ಕಡೆ ಬೇಸಿಗೆಯ ರಾತ್ರಿ ಒಳಗೆ ಮಲಗುವವರು ಕಡಿಮೆ. ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುವುದು ಯಾದಗಿರಿ ಸೀಮೆಗೆ ಹೊಸತಲ್ಲ. ಸಂಜೆ ಮಾಳಿಗೆಗೆ ನೀರು ಚೆಲ್ಲಿ, ಅದು ಆರಿದ ಮೇಲೆ ಕೌದಿ ಹಾಸಿದರೆ ನಡುರಾತ್ರಿಯ ಹೊತ್ತಿಗಾದರೂ ನಿದ್ದೆ ಬಂದೀತು. ಇಂಥ ಊರಿನ ಮನೆಯೊಂದು ಮೋಟಾರ್‌ಹೋಮ್ ಕಟ್ಟಿಸುವ ಯೋಚನೆ ಮಾಡಿತು ಅನ್ನಿ. ಬಣ್ಣ, ಅಡುಗೆಕಟ್ಟೆ, ಟಿವಿ ಎಲ್ಲಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು ಒಂದೇ: ಡ್ರೈವರ್ ತಲೆಯ ಮೇಲೆ ಮುಂದಕ್ಕೆ ಚಾಚಿದ, ಹಾಸಿಗೆ ಇರುವ ಅಟ್ಟ ಬೇಕೋ ಬೇಡವೋ? ಗಾಡಿಯ ಎತ್ತರ, ಉದ್ದ, ಯಾರು ಎಲ್ಲಿ ಮಲಗಬೇಕು, ಎಲ್ಲವೂ ಈ ಉತ್ತರದ ಹಿಂದೆಯೇ ಬರುತ್ತವೆ.

ಯುರೋಪಿನಲ್ಲಿ ಈ ಚರ್ಚೆ ಹಳೆಯದು. ಅಲ್ಲಿನ ಅಟ್ಟದ ಗಾಡಿಗಳು ಸುಮಾರು 3.1 ಮೀಟರ್ ಎತ್ತರ. ಅಟ್ಟ ಬಿಟ್ಟು ಕ್ಯಾಬಿನ್ ಮೇಲೆ ಇಳಿಜಾರು ಮಾಡು ಮಾಡಿದವು 2.8ರ ಆಸುಪಾಸು. ಮೂರನೆಯ ಜಾತಿಯದು ಬಸ್ಸಿನಂಥ ಮುಖದ್ದು. ಅದರಲ್ಲಿ ಹಗಲು ಹಾಸಿಗೆ ಮಾಡಿಗೆ ಅಂಟಿಕೊಂಡಿದ್ದು, ರಾತ್ರಿ ಡ್ರೈವರ್ ಸೀಟಿನ ಮೇಲೆ ಇಳಿದು ಬರುತ್ತದೆ. ಅನುಕೂಲ ಹೆಚ್ಚು, ಬೆಲೆಯೂ ಹೆಚ್ಚು. ಅಟ್ಟದ ಹಾಸಿಗೆ ಅಡ್ಡಕ್ಕೆ ಸುಮಾರು ಎರಡು ಮೀಟರ್, ಅಗಲ ಒಂದೂವರೆಯ ಹತ್ತಿರ. ಎದ್ದು ಕೂತರೆ ತಲೆ ಮಾಡಿಗೆ ತಾಗುತ್ತದೆ. ಮಕ್ಕಳಿಗೆ ಅದೇ ಸ್ವರ್ಗ. ಮಂಡಿನೋವಿನವರಿಗೆ ಆ ಏಣಿ ನೋಡಿದರೇ ಸಾಕು.

ಚಳಿಯ ದೇಶದಲ್ಲಿ ಅಟ್ಟಕ್ಕೆ ಇನ್ನೊಂದು ಗುಣವಿದೆ. ಒಳಗೆ ಹೀಟರ್ ಹಚ್ಚಿದಾಗ ಬಿಸಿ ಗಾಳಿ ಮೇಲೇರುತ್ತದೆ. ಅಟ್ಟದಲ್ಲಿ ಮಲಗಿದವರಿಗೆ ಬೆಚ್ಚಗೆ. ಆ ಗುಣವೇ ನಮ್ಮಲ್ಲಿ ಶತ್ರು. ಅಟ್ಟಕ್ಕೆ ಮೇಲಿನಿಂದ ಬಿಸಿಲು, ಮುಂದಿನಿಂದ ಬಿಸಿಲು, ಇಕ್ಕೆಲದಿಂದಲೂ ಬಿಸಿಲು. ಕೆಳಗೆ ಗಾಜಿನೊಳಗೆ ಕುದಿದ ಕ್ಯಾಬಿನ್, ಅದರ ಜೊತೆಗೆ ದಿನವಿಡೀ ಓಡಿದ ಎಂಜಿನ್ನಿನ ಕಾವು. ಹಗಲೆಲ್ಲ ಕುಡಿದ ಶಾಖವನ್ನು ಹಲಗೆ, ಹಾಸಿಗೆ, ತಗಡು ರಾತ್ರಿ ನಿಧಾನವಾಗಿ ಉಗುಳುತ್ತವೆ. ಏಸಿ ಇದ್ದರೂ ತಂಪು ಗಾಳಿ ಕೆಳಗೆ ಕೂರುತ್ತದೆ, ಅಟ್ಟಕ್ಕೆ ಸಿಗುವುದು ಉಳಿಕೆ. ಗೋಡೆಯೊಳಗೆ ಶಾಖ ತಡೆಯುವ ಪಫ್ ತುಂಬಿಸಿದರೆ ಸೆಕೆ ಕಡಿಮೆಯಾದೀತು, ಇಲ್ಲವಾಗದು. ಇಕ್ಕೆಲಕ್ಕೆ ಎರಡು ಕಿಟಕಿ, ಮಾಡಿಗೊಂದು ಎಕ್ಸಾಸ್ಟ್ ಫ್ಯಾನ್ ಇಲ್ಲದ ಅಟ್ಟವನ್ನು ಈ ಸೀಮೆಯಲ್ಲಿ ಯಾರೂ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಗಾಡಿಯಲ್ಲಿ ಮಲಗುವುದೇನೂ ಇಲ್ಲಿನವರಿಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ಸಂಕ್ರಾಂತಿಯ ಮೈಲಾಪುರ ಜಾತ್ರೆಗೆ, ಸವದತ್ತಿಯ ಗುಡ್ಡಕ್ಕೆ ಕಮಾನು ಕಟ್ಟಿದ ಚಕ್ಕಡಿಯಲ್ಲಿ ಹೋಗಿ, ಅದರೊಳಗೆ ಹೆಂಗಸರು ಮಕ್ಕಳು, ಅದರಡಿ ಗಂಡಸರು ಮಲಗಿ ಬಂದ ತಲೆಮಾರು ಇನ್ನೂ ಇದೆ. ಈಗ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರ ಹಿಂದೆ ತಾಡಪಾಲು ಹೊದ್ದ ಟ್ರ್ಯಾಕ್ಟರು, ಟೆಂಪೊಗಳು ರೊಟ್ಟಿ ಗಂಟು, ಒಲೆ, ಹಾಸಿಗೆ ಹೊತ್ತು ಹೋಗುತ್ತವೆ. ಇನ್ನು ಲಾರಿಯವರಿಗಂತೂ ಕ್ಯಾಬಿನ್ನೇ ಮನೆ. ಸೀಟಿನ ಹಿಂದಿನ ಹಲಗೆ ಡ್ರೈವರಿಗೆ. ಸೆಕೆಯ ರಾತ್ರಿ ಕ್ಲೀನರ್ ಕ್ಯಾಬಿನ್ ಮೇಲಿನ ಕ್ಯಾರಿಯರ್ ಏರಿ, ಹಗ್ಗ ತಾಡಪಾಲಿನ ಸುರುಳಿಯ ಮೇಲೆ ಕಾಲು ಚಾಚುತ್ತಾನೆ. ಜಾಗ ಅದೇ, ಡ್ರೈವರ್ ತಲೆಯ ಮೇಲಿನದೇ. ಅಲ್ಲಿ ಗೋಡೆಯಿಲ್ಲ, ಮಾಡಿಲ್ಲ. ನಿದ್ದೆ ಬರುವುದೂ ಅದಕ್ಕೇ.

ಈಚೆಗೆ ಸರ್ಕಾರಗಳೂ ಇಂಥ ಮನೆಗಾಡಿಗಳತ್ತ ನೋಡತೊಡಗಿವೆ. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿ ಕ್ಯಾರವಾನ್ ಪ್ರವಾಸಕ್ಕೂ ಜಾಗ ಕೊಟ್ಟಿತು. ಮರುವರ್ಷ ಕೇರಳ ‘ಕೆರವಾನ್ ಕೇರಳ’ ಎಂದು ಯೋಜನೆಯನ್ನೇ ತಂದಿತು. ಅದಕ್ಕಾಗಿ ತೋರಿಸಿದ ಮೊದಲ ಗಾಡಿ ಭಾರತ್‌ಬೆಂಜ್ 1017 ಬಸ್ ಚಾಸಿಯ ಮೇಲೆ ಕಟ್ಟಿದ್ದು. ಬಸ್ಸಿನಲ್ಲಿ ಡ್ರೈವರ್ ಕೂರುವುದೂ ಉಳಿದವರು ಕೂರುವುದೂ ಒಂದೇ ಮಾಡಿನಡಿ, ಅಲ್ಲಿ ಅಟ್ಟದ ಮಾತೇ ಏಳುವುದಿಲ್ಲ. ಫೋರ್ಸ್ ಟ್ರಾವೆಲರ್‌ನಂಥ ವ್ಯಾನಿನ ಒಳಗೆ ಮನೆ ಮಾಡಿದರೂ ಅಷ್ಟೆ. ಅಟ್ಟ ಸಹಜವಾಗಿ ಬರುವುದು ಕ್ಯಾಬಿನ್ ಬೇರೆ, ಹಿಂದಿನ ಪೆಟ್ಟಿಗೆ ಬೇರೆ ಇರುವ ಪಿಕಪ್, ಸಣ್ಣ ಲಾರಿಗಳ ಮೇಲೆ. 2022ರಲ್ಲಿ ಮಹೀಂದ್ರ ಕಂಪನಿ ಬೆಂಗಳೂರಿನ ಕ್ಯಾಂಪರ್‌ವ್ಯಾನ್ ಫ್ಯಾಕ್ಟರಿಯ ಜೊತೆ ಬೊಲೆರೊ ಕ್ಯಾಂಪರ್ ಗೋಲ್ಡ್ ಮೇಲೆ ಇಂಥ ಗಾಡಿ ಕಟ್ಟುವ ಒಪ್ಪಂದ ಮಾಡಿಕೊಂಡ ಮೇಲೆ, ಸಾಮಾನ್ಯ ಕಾರಿನ ಲೈಸೆನ್ಸಿನವರೂ ಈ ಕನಸು ಕಾಣತೊಡಗಿದರು.

ಶಹಾಪುರದ ಬಾಡಿ ಕಟ್ಟುವ ಗ್ಯಾರೇಜಿಗೆ ಹೋಗಿ ‘ಇದರ ಮೇಲೊಂದು ಅಟ್ಟ ಬೆಸುಗೆ ಹಾಕಿಬಿಡಿ’ ಎಂದರೆ ಮುಗಿಯಿತೆ? ಕೆಲಸಗಾರರ ಕೈಯಲ್ಲಿ ಆಗದ್ದೇನಲ್ಲ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಕಂಪನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಮೋಟಾರ್ ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಅದರ ಪ್ರಕಾರ ಒಪ್ಪಿಗೆ ಪಡೆದು ಕಟ್ಟಿದ ಗಾಡಿಯೇ ಯಾದಗಿರಿಯ ಕೆಎ-33 ನಂಬರು ಹಾಕಿಸಿಕೊಳ್ಳಲು ಕ್ಷೇಮ.

ಇಷ್ಟು ಕೇಳಿ ‘ಹಾಗಾದರೆ ಅಟ್ಟ ಬೇಡ’ ಎಂದು ಎದ್ದು ಬಿಡಬೇಡಿ. ಅಟ್ಟ ಬಿಟ್ಟವರು ಇಬ್ಬರು ಮಲಗುವ ಆ ಜಾಗವನ್ನು ಬೇರೆಲ್ಲಾದರೂ ಹುಡುಕಲೇಬೇಕು. ಒಂದೋ ಗಾಡಿ ಉದ್ದವಾಗಬೇಕು, ಇಲ್ಲವೇ ಪ್ರತಿ ರಾತ್ರಿ ಊಟದ ಮೇಜು ಮಡಚಿ ಸೀಟುಗಳನ್ನೇ ಹಾಸಿಗೆ ಮಾಡಬೇಕು. ಎರಡನೆಯದು ಕೇಳಲು ಸುಲಭ. ಮೊದಲು ಮಲಗುವ ಮಗುವಿಗಾಗಿ ದೊಡ್ಡವರು ಊಟ ಮುಗಿಸಿ ಏಳಬೇಕಾದಾಗ ಅದರ ಕಷ್ಟ ತಿಳಿಯುತ್ತದೆ. ಉದ್ದ ಮಾಡುವುದಕ್ಕೂ ಮಿತಿಯಿದೆ. ಹಿಂದಿನ ಗಾಲಿಯಿಂದಾಚೆ ಚಾಚಿದ ಭಾಗ, ಮುಂದಿನ ಹಿಂದಿನ ಗಾಲಿಗಳ ನಡುವಿನ ದೂರದ 60 ಪ್ರತಿಶತ ಮೀರಬಾರದು ಎನ್ನುತ್ತದೆ ನಿಯಮ. ನಿಯಮದೊಳಗೇ ಇದ್ದರೂ, ಸುರಪುರದ ಗುಡ್ಡದೂರಿನ ತಿರುವಿನಲ್ಲಿ ಉದ್ದನೆಯ ಬಾಲ ಗೋಡೆ ಸವರುತ್ತದೆ. ಎತ್ತರದ ಗಾಡಿ ಹಾಗಲ್ಲ, ಅದು ತಿರುವನ್ನು ಗೆದ್ದು ಬೇವಿನ ಕೊಂಬೆಗೆ, ಓಣಿಯ ಜೋತುಬಿದ್ದ ಕರೆಂಟ್ ತಂತಿಗೆ, ರೈಲ್ವೆ ಕೆಳಸೇತುವೆಯ ಮುಂದಿನ ಅಡ್ಡಪಟ್ಟಿಗೆ ಸೋಲುತ್ತದೆ. ಗಾಡಿಯ ಎತ್ತರವನ್ನು ಡ್ಯಾಶ್‌ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆದಿಡಿ. ಬಾಡಿಗೆ ಡ್ರೈವರಿಗೆ ಅದು ನೆನಪಿರಲಾರದು.

ಮೈಲೇಜಿನ ವಾದವನ್ನು ಮಾತ್ರ ನಾನು ಅಷ್ಟಾಗಿ ನಂಬುವುದಿಲ್ಲ. ಎದುರುಗಾಳಿಗೆ ಒಡ್ಡುವ ಮೈ ಹತ್ತರಲ್ಲೊಂದು ಪಾಲು ಹೆಚ್ಚುತ್ತದೆ, ನಿಜ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದೂ ನಿಜ. ಆದರೆ ಭೀಮಾ ಸೇತುವೆ ದಾಟಿ ಶಹಾಪುರಕ್ಕೆ ಹೋಗುವ ದಾರಿಯಲ್ಲಿ ಗಂಟೆಗೆ 50 ಕಿಲೋಮೀಟರಿನಲ್ಲಿ ಸಾಗುವವನಿಗೆ ಅದರ ಬಿಸಿ ತಟ್ಟದು. ಹೈದರಾಬಾದಿನ ದೊಡ್ಡ ಹೆದ್ದಾರಿಯಲ್ಲಿ ನೂರರ ಹತ್ತಿರ ಓಡಿಸುವವನಿಗೆ ತಟ್ಟುತ್ತದೆ.

ನಿಜವಾಗಿ ಅಂಜಬೇಕಾದದ್ದು ನೀರಿಗೆ. ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲಿನ ರಸ್ತೆಯೂ ಅಲೆಯಾಗುತ್ತದೆ. ತಲೆಭಾರದ ಗಾಡಿ ಆ ಅಲೆಗಳ ಮೇಲೆ ತೊನೆದಾಗ ಅಟ್ಟ ಮತ್ತು ಮೈ ಕೂಡುವ ಮೂಲೆಗಳು ಹಿಂಡಿಸಿಕೊಳ್ಳುತ್ತವೆ, ಬಿಸಿಲಿಗೆ ಒಣಗಿದ ಸೀಲಂಟ್ ಬಿರುಕು ಬಿಡುತ್ತದೆ. ಓಡುವ ಗಾಡಿಗೆ ಎದುರು ಬೀಸುವ ಮಳೆ ಹೊಡೆಯುವುದು ಅದೇ ಮೂತಿಗೆ. ಹಾಸಿಗೆಯಡಿಯ ಪ್ಲೈವುಡ್ ಸದ್ದಿಲ್ಲದೆ ಕೊಳೆಯುತ್ತದೆ. ಹಳೆಯ ಗಾಡಿ ಕೊಳ್ಳುವವರು ಹಾಸಿಗೆ ಎತ್ತಿ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಮೆತ್ತಗಾಗಿದ್ದರೆ, ಹೊಸ ಬಣ್ಣದ ವಾಸನೆ ಬಂದರೆ, ಮಾತು ಅಲ್ಲಿಗೇ ನಿಲ್ಲಿಸಿ.

ಗಂಡ ಹೆಂಡತಿ ಇಬ್ಬರೇ, ಹೆಚ್ಚೆಂದರೆ ಒಂದು ಮಗು ಎಂದಾದರೆ ಅಟ್ಟವಿಲ್ಲದ ತಗ್ಗು ಗಾಡಿಯೇ ಸರಿ. ಮಾಡಿನ ಮೇಲೊಂದು ಕ್ಯಾರಿಯರ್ ಇರಲಿ. ‘ನಾ ಏಣಿ ಹತ್ತಂಗಿಲ್ಲಪ್ಪ’ ಎನ್ನುವ ಆಯಿಯೂ ಇಬ್ಬರು ಮೂವರು ಮೊಮ್ಮಕ್ಕಳೂ ಇರುವ ಮನೆಗೆ ಅಟ್ಟ ಬೇಕಾಗುತ್ತದೆ. ಮಕ್ಕಳು ಮೇಲಕ್ಕೆ ಹೋದರೆ ಆಯಿಗೆ ಕೆಳಗಿನ ಹಾಸಿಗೆ ಖಾಲಿಯಾಗುತ್ತದಲ್ಲ. ಬೀಳದಂತೆ ಬಲೆ ಕಟ್ಟಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಆ ಜಾಗ ಗಂಟುಮೂಟೆಗೆ ಬಿಟ್ಟು, ಗಾಡಿಯ ಪಕ್ಕ ಚಾಪೆ ಹಾಸಿ, ಸೊಳ್ಳೆಪರದೆ ಕಟ್ಟಿ ಮಲಗಿದರಾಯಿತು.

ಒಂದನ್ನು ಮಾತ್ರ ಹಾಸಿಗೆ ಎಣಿಸುವ ಮೊದಲೇ ನೋಡಿ: ಬೆಲ್ಟ್ ಇರುವ ಸೀಟು ಎಷ್ಟು? ಓಡುವಾಗ ಅಟ್ಟದಲ್ಲಿ ಯಾರೂ ಇರುವಂತಿಲ್ಲ. ಆರು ಹಾಸಿಗೆ, ನಾಲ್ಕೇ ಸೀಟು ಎಂದಾದರೆ, ಮಂತ್ರಾಲಯಕ್ಕೆ ಹೊರಟಾಗ ಉಳಿದಿಬ್ಬರು ಯಾದಗಿರಿಯಲ್ಲಿ ರೈಲು ಹತ್ತಿ ಮಂತ್ರಾಲಯಂ ರೋಡ್ ಸ್ಟೇಷನ್ನಿನಲ್ಲಿ ಕಾಯಬೇಕಾಗುತ್ತದೆ. ಶ್ರೀಶೈಲಕ್ಕಾದರೆ ಆ ರೈಲೂ ಇಲ್ಲ.