ಪಾಳಿಗೂ ಆಟಕ್ಕೂ ಒಂದೇ ಹೊತ್ತು

ಶಹಾಬಾದ್ ಕಲ್ಲು ಹಾಸಿದ ಕಟ್ಟೆಯ ಮೇಲೆ ಚೌಕಾಬಾರ ಆಡುತ್ತಿದ್ದವನಿಗೆ ಮನೆಯಿಂದ ಕರೆ ಬಂದರೆ ಆಟವೇನೂ ಕೆಡುತ್ತಿರಲಿಲ್ಲ. ನೋಡುತ್ತ ನಿಂತವನೊಬ್ಬ ಕವಡೆ ಹಿಡಿಯುತ್ತಿದ್ದ. ಯಾರೂ ಸಿಗದಿದ್ದರೆ ಕಾಯಿಗಳು ಇದ್ದಲ್ಲೇ ಇದ್ದು ಕಾಯುತ್ತಿದ್ದವು. ಮೊಬೈಲಿನಲ್ಲಿ ಆಡುವ ಆನ್‌ಲೈನ್ ಆಟಗಳಲ್ಲಿ ಎಲ್ಲವೂ ಹೀಗೆ ಕಾಯುವುದಿಲ್ಲ.

2020ರಲ್ಲಿ ನಿಷೇಧಗೊಂಡ ಪಬ್‌ಜಿಯ ಜಾಗಕ್ಕೆ 2021ರಲ್ಲಿ ಬಂದ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ'ವನ್ನೇ ನೋಡಿ. ನೂರು ಮಂದಿ ಒಂದೇ ರಣರಂಗಕ್ಕೆ ಇಳಿಯುವ ಪಂದ್ಯ ಸುಮಾರು ಅರ್ಧ ತಾಸು ನಡೆಯುತ್ತದೆ. ನಾಲ್ವರ ತಂಡದಲ್ಲಿ ಗುಂಡೇಟಿಗೆ ಬಿದ್ದವನನ್ನು ಜೊತೆಗಾರನೇ ಬಂದು ಎಬ್ಬಿಸಬೇಕು. ನಡುವೆ ಒಬ್ಬ ಎದ್ದು ಹೋದರೆ ಉಳಿದ ಮೂವರಿಗೂ ಪೆಟ್ಟು. ಹೀಗಾಗಿ ಆಟವೂ ಒಂದು ಹೊಣೆಯಾಗಿಬಿಡುತ್ತದೆ.

ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳಂಥ ಕಡೆ ಈ ಹೊಣೆಯ ಲೆಕ್ಕ ಇನ್ನೂ ಕಠಿಣ. ಸುಣ್ಣದ ಕಲ್ಲು ಸುಡುವ ಗೂಡನ್ನು ಆರಿಸಿ ಮತ್ತೆ ಹೊತ್ತಿಸುವುದು ದುಬಾರಿ. ಆದ್ದರಿಂದ ಕೆಲಸ ಹಗಲಿರುಳು ಪಾಳಿಯಲ್ಲಿ ಸಾಗುತ್ತದೆ. ಮೂವರು ಗೆಳೆಯರು ಎಂಟೆಂಟು ತಾಸಿನ ಮೂರು ಪಾಳಿಗಳಿಗೆ ಹಂಚಿಹೋದರೆ, ಮೂವರೂ ಬಿಡುವಾಗಿರುವ ಒಂದು ನಿಮಿಷವೂ ದಿನದಲ್ಲಿ ಸಿಗದು! ಆಗ ತಂಡ ಕಟ್ಟಲು ಕೈಚಳಕಕ್ಕಿಂತ ಪಾಳಿಯನ್ನೇ ನೋಡಬೇಕಾಗುತ್ತದೆ. ವಾಡಿ ಜಂಕ್ಷನ್ ಹಾಯುವ ಸರಕು ರೈಲಿನ ಚಾಲಕನಿಗಂತೂ ಪಾಳಿಯ ಖಚಿತತೆಯೂ ಇಲ್ಲ. ಕರೆ ಬಂದಾಗ ಹೊರಡಬೇಕು.

ಈ ಕಷ್ಟ ಇಲ್ಲಿನವರಿಗಷ್ಟೇ ಅಲ್ಲ. 2004ರಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನ ದೊಡ್ಡ ದಾಳಿಗಳಿಗೆ 40 ಮಂದಿ ಬೇಕಿತ್ತು. ಅಷ್ಟು ಜನರ ಸಂಜೆಗಳನ್ನು ಹೊಂದಿಸುವುದೇ ಒಂದು ಕಚೇರಿ ಕೆಲಸ. 2007ರ ಆವೃತ್ತಿಯಲ್ಲಿ ಹೊಸ ದಾಳಿಗಳ ಸಂಖ್ಯೆ 25 ಮತ್ತು 10ಕ್ಕೆ ಇಳಿಯಿತು.

ಬೇಸಾಯದ ಆಟದ ಕಥೆ ಇನ್ನೂ ವಿಚಿತ್ರ. 2009ರಲ್ಲಿ ಫೇಸ್‌ಬುಕ್‌ಗೆ ಬಂದ 'ಫಾರ್ಮ್‌ವಿಲ್'ನಲ್ಲಿ ಸ್ಟ್ರಾಬೆರಿ ನಾಲ್ಕೇ ತಾಸಿಗೆ ಕೊಯ್ಲಿಗೆ ಬರುತ್ತಿತ್ತು, ತಡವಾದರೆ ಬಾಡುತ್ತಿತ್ತು. ಚಿತ್ತಾಪುರ, ಚಿಂಚೋಳಿಯ ಹೊಲಗಳಲ್ಲಿ ಮುಂಗಾರಿಗೆ ಬಿತ್ತಿದ ತೊಗರಿ ಒಂದು ದಿನ ತಡವಾದರೂ ತಾಳಿಕೊಂಡೀತು, ಆಟದ ಬೆಳೆಗೆ ಆ ತಾಳ್ಮೆ ಇರಲಿಲ್ಲ. ಫೇಸ್‌ಬುಕ್‌ನ ಆ ಆಟ 2020ರ ಕೊನೆಗೆ ಮುಚ್ಚಿತು.

ಬಿಡುವು ತುಂಡು ತುಂಡಾಗಿ ಸಿಗುವವರೂ ಇದ್ದಾರೆ. ಒಲೆಯ ಮೇಲೆ ರೊಟ್ಟಿ, ಹೊರಗೆ ನಳದ ನೀರು ಎಂದು ಓಡಾಡುವ ಗೃಹಿಣಿಗೆ ಅರ್ಧ ತಾಸಿನ ಯುದ್ಧ ಒಗ್ಗದು. 'ಕ್ಯಾಂಡಿ ಕ್ರಷ್'ನಲ್ಲಾದರೆ ಬಹುತೇಕ ಹಂತಗಳಲ್ಲಿ ಎಣಿಸುವುದು ನಡೆಗಳನ್ನು, ನಿಮಿಷಗಳನ್ನಲ್ಲ; ಫೋನ್ ಕೆಳಗಿಟ್ಟು ಎದ್ದು ಹೋಗಬಹುದು. ಇದನ್ನು 'ಟೈಂಪಾಸ್' ಎಂದು ಹಗುರವಾಗಿ ಕಾಣುವ ಯುವಕರು ಆ ಬಿಡುವಿನ ಅಳತೆಯನ್ನು ನೋಡಿಲ್ಲ ಅಷ್ಟೆ. ಆನ್‌ಲೈನ್ ಚದುರಂಗದಲ್ಲೂ ಒಂದು ನಡೆಗೆ 14 ದಿನಗಳವರೆಗೆ ಅವಕಾಶ ಕೊಡುವ ಬಗೆ ಇದೆ, ಹಿಂದಿನ ಅಂಚೆ ಕಾರ್ಡಿನ ಚದುರಂಗದಂತೆ.

ನಡುವೆ ಹೋದವನನ್ನು ಜೊತೆಗಾರರು ಬೈಯುವುದುಂಟು. ಆದರೆ ಪಾಳಿ ತಪ್ಪಿದರೆ ಕೂಲಿ ಹೋಗುವುದು ಅವನೊಬ್ಬನದೇ. ಕೆಲಸಕ್ಕೆ ಇಪ್ಪತ್ತು ನಿಮಿಷ ಉಳಿದಿದ್ದರೆ ನೂರು ಮಂದಿಯ ಕಣಕ್ಕೆ ಇಳಿಯದೆ, ಅದೇ ಆಟದಲ್ಲಿರುವ, ಹತ್ತು ನಿಮಿಷದೊಳಗೆ ಮುಗಿಯುವ ಸಣ್ಣ ಪಂದ್ಯ ಆಡಿ ಹೊರಡಬಹುದು.