ಪದರುಬಂಧದ ಆಕ್ಸೈಡುಗಳೂ ಅತಿವಾಹಕತೆಯ ವಿವಾದವೂ

ಸವದತ್ತಿ, ರಾಮದುರ್ಗಗಳ ಹೊಲದ ಪಂಪ್‌ಸೆಟ್ಟಿಗೆ ಬರುವ ವಿದ್ಯುತ್ತು ದಾರಿಯುದ್ದಕ್ಕೂ ತಂತಿಯನ್ನು ಕಾಯಿಸುತ್ತ, ತನ್ನ ಒಂದು ಪಾಲನ್ನು ಕಳೆದುಕೊಂಡೇ ಬರುತ್ತದೆ. ತಂತಿಯ ಈ ಅಡ್ಡಿಗೆ ರೋಧವೆಂದು ಹೆಸರು. ರೋಧವು ಸಂಪೂರ್ಣವಾಗಿ ಅಳಿದ ಸ್ಥಿತಿಯೇ ಅತಿವಾಹಕತೆ. ೧೯೧೧ರಲ್ಲಿ ಡಚ್ ವಿಜ್ಞಾನಿ ಕಾಮರ್ಲಿಂಗ್ ಓನ್ಸ್ ಅವರು ಪಾದರಸವನ್ನು ಸುಮಾರು ೪ ಕೆಲ್ವಿನ್‌ವರೆಗೆ, ಎಂದರೆ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ೨೬೯ ಡಿಗ್ರಿ ಕೆಳಕ್ಕೆ, ತಂಪುಗೊಳಿಸಿ ಇದನ್ನು ಕಂಡರು.

೧೯೮೬ರಲ್ಲಿ ಜ್ಯೂರಿಕ್ಕಿನ ಬೆಡ್‌ನೋರ್ಜ್ ಮತ್ತು ಮ್ಯುಲ್ಲರ್ ಅವರು ಬೇರಿಯಂ ಬೆರೆತ ಲ್ಯಾಂಥನಂ-ತಾಮ್ರದ ಆಕ್ಸೈಡಿನಲ್ಲಿ ೩೦ ಕೆಲ್ವಿನ್ನಿನ ಆಸುಪಾಸಿನಲ್ಲಿಯೇ ರೋಧ ಕುಸಿಯುವುದನ್ನು ಕಂಡಾಗ ಲೋಕ ಬೆರಗಾಯಿತು. ಈ ಆಕ್ಸೈಡಿನ ರಚನೆ ಒಂದರ ಮೇಲೊಂದು ಪೇರಿಸಿದ ಜೋಳದ ರೊಟ್ಟಿಗಳಂತೆ. ವಿದ್ಯುತ್ತು ತಾಮ್ರ-ಆಮ್ಲಜನಕಗಳ ಪದರಿನೊಳಗೆ ಸರಾಗವಾಗಿಯೂ, ಪದರಿನಿಂದ ಪದರಿಗೆ ಪ್ರಯಾಸದಿಂದಲೂ ಹರಿಯುತ್ತದೆ.

ಈ ಕುಲದ ಪದಾರ್ಥಗಳು ನಮ್ಮವರಿಗೆ ಅಪರಿಚಿತವಾಗಿರಲಿಲ್ಲ. ಬೆಂಗಳೂರಿನವರಾದ ಸಿ. ಎನ್. ಆರ್. ರಾವ್ ಅವರು ಕಾನ್ಪುರದಲ್ಲಿದ್ದಾಗಲೇ, ೧೯೭೩ರಲ್ಲಿ, ಪಿ. ಗಂಗೂಲಿಯವರೊಡನೆ ಇವುಗಳ ವಿದ್ಯುದ್ಗುಣಗಳನ್ನು ಅಳೆದು ಪ್ರಕಟಿಸಿದ್ದರು. ಇವುಗಳಲ್ಲಿ ಲ್ಯಾಂಥನಂ-ನಿಕ್ಕಲ್ ಆಕ್ಸೈಡಿನದು ವಿಚಿತ್ರ ಸ್ವಭಾವ: ಕಾಯಿಸುತ್ತ ಹೋದರೆ ೫೦೦-೬೦೦ ಕೆಲ್ವಿನ್ನಿನ ಸುಮಾರಿಗೆ ಅರೆವಾಹಕದ ನಡತೆಯನ್ನು ತೊರೆದು ಲೋಹದ ನಡತೆಯನ್ನು ಹಿಡಿಯುತ್ತದೆ. ೧೯೮೭ರಲ್ಲಿ ಅಮೆರಿಕದವರು ಯಿಟ್ರಿಯಂ-ಬೇರಿಯಂ-ತಾಮ್ರಗಳ ಆಕ್ಸೈಡ್ ಮಿಶ್ರಣವೊಂದು ೯೩ ಕೆಲ್ವಿನ್ನಿನಲ್ಲಿಯೇ ಅತಿವಾಹಕವಾಗುವುದೆಂದು ಸಾರಿದರು. ಅಗ್ಗದ ದ್ರವ ಸಾರಜನಕ ಕುದಿಯುವುದು ೭೭ರಲ್ಲಿ. ಆದುದರಿಂದಲೇ ಅಷ್ಟು ಸಂಭ್ರಮ. ಆ ಮಿಶ್ರಣದಲ್ಲಿ ಕಾರಣಭೂತವಾದ ಸಂಯುಕ್ತ ಯಾವುದೆಂದು ಗುರುತಿಸಿದವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾವ್ ಅವರ ತಂಡವೂ ಒಂದು.

ತಾಮ್ರಕ್ಕೆ ಒಲಿದದ್ದು ನೆರೆಯ ನಿಕ್ಕಲ್ಲಿಗೇಕೆ ಒಲಿಯಬಾರದು? ೧೯೮೯ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಹೋನಿಗ್ ಮತ್ತು ಸಂಗಡಿಗರು ಸ್ಟ್ರಾನ್ಷಿಯಂ ಬೆರೆಸಿದ ಲ್ಯಾಂಥನಂ-ನಿಕ್ಕಲ್ ಆಕ್ಸೈಡಿನಲ್ಲಿ ಅತಿವಾಹಕತೆಯ ಕುರುಹುಗಳನ್ನು ವರದಿ ಮಾಡಿದರು. ಬೇರೆಡೆ ಅದು ಸ್ಥಿರಪಡಲಿಲ್ಲ. ರೋಧ ಥಟ್ಟನೆ ಇಳಿದ ಮಾತ್ರಕ್ಕೆ ಅತಿವಾಹಕತೆ ಸಿದ್ಧಿಸದು. ನಮ್ಮ ತರ್ಕಶಾಸ್ತ್ರದವರು ಇದನ್ನು ಅನೈಕಾಂತಿಕ ಹೇತುವೆನ್ನುತ್ತಿದ್ದರು: ಪದಾರ್ಥದ ಸ್ಥಿತ್ಯಂತರದಿಂದಲೂ ರೋಧ ಇಳಿಯಬಹುದು. ೨೦೨೩ರಲ್ಲಿ ಕೊರಿಯಾದಿಂದ ಬಂದ ಸೀಸದ ಸಂಯುಕ್ತದ ವಾರ್ತೆಯೂ ಹೀಗೆಯೇ ಕರಗಿತು. ಅದರಲ್ಲಿ ಕಲಬೆರಕೆಯಾಗಿದ್ದ ತಾಮ್ರದ ಸಲ್ಫೈಡಿನ ಸ್ಥಿತ್ಯಂತರವೇ ಆ ಇಳಿತಕ್ಕೆ ಕಾರಣವೆಂದು ತಿಳಿಯಿತು. ನಿಜವಾದ ಅತಿವಾಹಕವು ಕಾಂತಕ್ಷೇತ್ರವನ್ನು ತನ್ನೊಳಗಿನಿಂದ ಹೊರದೂಡಬೇಕು. ಇದು ೧೯೩೩ರಲ್ಲಿ ಮೈಸ್ನರ್ ಕಂಡ ಲಕ್ಷಣ. ಅದನ್ನು ಅನ್ಯರೂ ಮಾಡಿ ನೋಡಬೇಕು. ಪತ್ರಿಕೆಯ ವಾರ್ತೆಯನ್ನು ತರಗತಿಗೆ ಒಯ್ಯುವ ಮುನ್ನ ಅಧ್ಯಾಪಕ ಬಂಧುಗಳು ಈ ಎರಡನ್ನೂ ವಿಚಾರಿಸುವುದು ಒಳ್ಳೆಯದು.

ನಿಕ್ಕಲ್ಲಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ೨೦೧೯ರಲ್ಲಿ ಸ್ಟ್ಯಾನ್‌ಫರ್ಡಿನವರು ಬೇರೊಂದು ನಿಕ್ಕಲ್ ಆಕ್ಸೈಡಿನ ತೆಳುಪೊರೆಯಲ್ಲಿ ಅತಿವಾಹಕತೆಯನ್ನು ತೋರಿಸಿದರು. ೨೦೨೩ರಲ್ಲಿ ಚೀನದವರು ಲ್ಯಾಂಥನಂ-ನಿಕ್ಕಲ್ ಆಕ್ಸೈಡಿನ ಇನ್ನೊಂದು ಪದರುರೂಪವನ್ನು ವಾಯುಮಂಡಲದ ಒತ್ತಡದ ಲಕ್ಷಕ್ಕೂ ಮೀರಿದ ಮಡಿಯಷ್ಟು ಒತ್ತಿ, ೮೦ ಕೆಲ್ವಿನ್ನಿನ ಸಮೀಪ ಅದನ್ನು ಕಂಡರು. ಅತಿವಾಹಕವಾದದ್ದು ಇಡೀ ಹರಳೋ, ಅದರೊಳಗಿನ ಕೆಲವು ಎಳೆಗಳೋ ಎಂದು ಅಲ್ಲಿಯೂ ವಾದ ಎದ್ದಿತು.